ಕೋಪೆಪಾಡ್ ಸಾಕಣೆ: ಒಳನಾಡಿನ ಉಪ್ಪುನೀರಿನ ಅಕ್ವೇರಿಯಂಗೆ ಜೀವಂತ ಆಹಾರ

ಕೋಪೆಪಾಡ್ ಎನ್ನುವುದು ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ, ಹೆಚ್ಚಿನಂಶ 2 ಮಿಲಿಮೀಟರ್ ಮೀರದ ಜಲಚರ. ಕಡಲ ಮೀನುಗಳ ಮರಿಗಳಲ್ಲಿ ಬಹುಪಾಲು ಬದುಕಿನ ಮೊದಲ ವಾರಗಳಲ್ಲಿ ಇದರ ಮರಿಗಳನ್ನೇ ತಿಂದು ಬೆಳೆಯುತ್ತವೆ. ಕೆಲವು ಮೀನುಗಳು ದೊಡ್ಡವಾದ ಮೇಲೂ ಇದನ್ನು ಬಿಟ್ಟು ಬೇರೇನನ್ನೂ ಸುಲಭಕ್ಕೆ ಮುಟ್ಟುವುದಿಲ್ಲ. ಮನೆಯ ಉಪ್ಪುನೀರಿನ ಅಕ್ವೇರಿಯಂಗಾಗಿ ಕೋಪೆಪಾಡನ್ನು ಬಕೆಟ್ಟು, ಜಾರುಗಳಲ್ಲಿ ಬೆಳೆಸಿ, ಸೋಸಿ, ಜೀವಂತವಾಗಿ ಮೀನಿಗೆ ಉಣಿಸುವುದೇ ಕೋಪೆಪಾಡ್ ಸಾಕಣೆ. ಕರಾವಳಿಯವರಿಗೆ ಸಮುದ್ರದ ನೀರು ಕೈಗೆಟಕುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂಥ ಬಯಲುಸೀಮೆಯ ಊರುಗಳಲ್ಲಿ ಆ ನೀರನ್ನು ಮನೆಯಲ್ಲೇ ತಯಾರಿಸಿಕೊಳ್ಳಬೇಕು, ಅದೂ ಕೊಳವೆಬಾವಿಯ ನೀರಿನಿಂದ. ಆದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಮರಿಗೆ ಹೊತ್ತುಹೊತ್ತಿಗೆ ಮೇವು ಕೊಟ್ಟು, ಶುಚಿ ಕಾಪಾಡಿ, ಹಂತಹಂತವಾಗಿ ದೊಡ್ಡದು ಮಾಡುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ರೇಷ್ಮೆ ಹುಳು ಸಾಕಿದ ಮನೆಗೆ ಕೋಪೆಪಾಡ್ ಸಾಕಣೆಯ ಅರ್ಧ ಪಾಠ ಮೊದಲೇ ಬಂದಿರುತ್ತದೆ. ಈ ಲೇಖನ ಆ ನಾಲ್ಕು ತಾಲ್ಲೂಕುಗಳ ನೀರು, ಹವೆ, ಕಸುಬುಗಳನ್ನು ಎದುರಿಗಿಟ್ಟುಕೊಂಡು ವಿಷಯವನ್ನು ವಿವರಿಸುತ್ತದೆ.

ಜೀವಿಯ ಪರಿಚಯ

ಈವರೆಗೆ ಗುರುತಿಸಿರುವ ಕೋಪೆಪಾಡ್ ಜಾತಿಗಳು ಸುಮಾರು 13,000. ಕಡಲು, ಅಳಿವೆ, ಕೆರೆ, ಬಾವಿ, ಒದ್ದೆ ಹಾವಸೆ, ಎಲ್ಲೆಡೆಯೂ ಇವೆ. ದೇಹ ಉದ್ದನೆಯ ಹನಿಯಾಕಾರ. ತಲೆಯ ನಡುವೆ ಒಂದೇ ಒಂದು ಕೆಂಪು ಕಣ್ಣಿನ ಚುಕ್ಕೆ. ಮುಂದಕ್ಕೆ ಚಾಚಿದ ಜೋಡಿ ಮೀಸೆ. ಈಜು ನಿರಂತರವಲ್ಲ, ಕುಪ್ಪಳಿಕೆ. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ಪಕ್ಕದಿಂದ ಮೊಬೈಲಿನ ಟಾರ್ಚ್ ಹಿಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಧೂಳಿನ ಕಣ ನೀರಿನೊಡನೆ ಸುಮ್ಮನೆ ತೇಲುತ್ತದೆ. ಕೋಪೆಪಾಡ್ ನಿಂತು, ಚಿಮ್ಮಿ, ಮತ್ತೆ ನಿಲ್ಲುತ್ತದೆ. ಮೀನಿನ ಮರಿಗೆ ಬೇಟೆಯ ಆಸೆ ಹುಟ್ಟಿಸುವುದು ಈ ಚಿಮ್ಮುವಿಕೆಯೇ. ಒಣ ಪುಡಿಯ ಮೇವಿನ ಮುಂದೆ ಹಸಿದು ಸಾಯುವ ಮರಿ ಕೋಪೆಪಾಡ್ ಕಂಡೊಡನೆ ಬಾಯಿ ಹಾಕುವುದಕ್ಕೆ ಇದೊಂದು ಮುಖ್ಯ ಕಾರಣ.

ಮೊಟ್ಟೆಯೊಡೆದು ಬರುವ ಮರಿಗೆ ನಾಪ್ಲಿಯಸ್ ಎನ್ನುತ್ತಾರೆ. ಅದು 6 ನಾಪ್ಲಿಯಸ್ ಹಂತ, ಆಮೇಲೆ 6 ಕೋಪೆಪೊಡೈಟ್ ಹಂತ ದಾಟುತ್ತದೆ. ಕೊನೆಯ ಹಂತವೇ ಪ್ರೌಢ. ಒಟ್ಟು 11 ಸಲ ಪೊರೆ ಕಳಚಬೇಕು. ರೇಷ್ಮೆ ಹುಳು ನಾಲ್ಕು ಜ್ವರ (ಪೊರೆ ಬಿಡುವ ಹೊತ್ತು) ಕಳೆದು ಹಣ್ಣಾಗುವುದನ್ನು ಕಂಡವರಿಗೆ ಇದರ ಅರ್ಥ ವಿವರಿಸಬೇಕಿಲ್ಲ: ಪೊರೆ ಬಿಡುವ ಹೊತ್ತು ಜೀವಿಯ ಅತ್ಯಂತ ನಾಜೂಕಿನ ಹೊತ್ತು, ಹವೆಯೋ ಮೇವೋ ನೀರೋ ಆಗ ಏರುಪೇರಾದರೆ ಇಡೀ ತಂಡ ಹೋಗುತ್ತದೆ.

ಸಾಕಣೆಗೆ ಬರುವ ಗುಂಪುಗಳು ಮೂರು. ನೀರಿನ ನಡುವೆ ತೇಲಿಕೊಂಡೇ ಬದುಕುವ ಕ್ಯಾಲನಾಯ್ಡ್‌ಗಳು ಮೀನಿನ ಮರಿಗಳಿಗೆ ಅತ್ಯುತ್ತಮ ಆಹಾರ, ಆದರೆ ಸಾಕುವುದು ಅತ್ಯಂತ ಕಷ್ಟ. ಅಕಾರ್ಷಿಯಾ, ಪಾರ್ವೊಕ್ಯಾಲನಸ್, ಸ್ಯೂಡೋಡಯಾಪ್ಟೋಮಸ್ ಈ ಗುಂಪಿನವು. ಹಾರ್ಪಾಕ್ಟಿಕಾಯ್ಡ್‌ಗಳು ಗೋಡೆ, ಕಲ್ಲು, ತಳಗಳಿಗೆ ಅಂಟಿಕೊಂಡು ಹರಿದಾಡುತ್ತವೆ. ಟಿಸ್ಬೆ, ಟಿಗ್ರಿಯೋಪಸ್ ಇವುಗಳಲ್ಲಿ ಹೆಸರಾದವು, ಗಟ್ಟಿ ಜೀವಗಳು. ಸೈಕ್ಲೊಪಾಯ್ಡ್‌ಗಳು ಎರಡರ ನಡುವಿನವು. ಉಪ್ಪುನೀರಿನ ಅಪೊಸೈಕ್ಲಾಪ್ಸ್ ಈ ಗುಂಪಿನದು, ನಮ್ಮ ಕೆರೆಗಳ ಸೈಕ್ಲಾಪ್ಸ್ ಕೂಡ.

ಈ ಸೀಮೆಯ ಕೆರೆಗಳಲ್ಲಿ

ಚಿಕ್ಕಬಳ್ಳಾಪುರ ಜಿಲ್ಲೆ 2007ರಲ್ಲಿ ಕೋಲಾರದಿಂದ ಬೇರ್ಪಟ್ಟಿತು. ನಂದಿ ಬೆಟ್ಟದ ಸಾಲಿನಲ್ಲಿ ಅರ್ಕಾವತಿ, ಉತ್ತರ ಮತ್ತು ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಜಿಲ್ಲೆಯಲ್ಲಿಲ್ಲ. ನೀರಿಗೆ ಕೆರೆಗಳೇ ಆಧಾರ. ಆ ಕೆರೆಗಳಲ್ಲಿ ಕೋಪೆಪಾಡ್ ಎಂದಿನಿಂದಲೂ ಇದೆ. ದಖ್ಖನ್ ಪ್ರದೇಶದ ಕೆರೆಗಳಲ್ಲಿ ಮೀಸೊಸೈಕ್ಲಾಪ್ಸ್, ಥರ್ಮೊಸೈಕ್ಲಾಪ್ಸ್, ಹೀಲಿಯೊಡಯಾಪ್ಟೋಮಸ್ ಸಾಮಾನ್ಯ. ಬೇಸಿಗೆಯಲ್ಲಿ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟರೂ ಇವುಗಳ ಕುಲ ಅಳಿಯುವುದಿಲ್ಲ. ಡಯಾಪ್ಟೋಮಸ್ ಬಳಗದವು ಗಟ್ಟಿ ಚಿಪ್ಪಿನ ಮೊಟ್ಟೆಗಳಾಗಿ, ಸೈಕ್ಲಾಪ್ಸ್ ಬಳಗದವು ಅರೆಬೆಳೆದ ಮರಿಗಳಾಗಿ ಕೆಸರಿನೊಳಗೆ ನಿದ್ರಿಸಿ, ಮಳೆ ನೀರು ತಾಕಿದೊಡನೆ ಎಚ್ಚರಗೊಳ್ಳುತ್ತವೆ. ಮುಂಗಾರಿನ ಮೊದಲ ವಾರಗಳಲ್ಲಿ ಕೆರೆಯ ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿದರೆ ಇವು ಸಿಗುತ್ತವೆ.

ಮೀನು ಸಾಕುವವರಿಗೆ ಕೋಪೆಪಾಡಿನ ಎರಡು ಮುಖವೂ ಗೊತ್ತು. ಕಾಟ್ಲಾ, ರೋಹು, ಮೃಗಾಲ ಮರಿಗಳ ನರ್ಸರಿ ಕೊಳಕ್ಕೆ ಸಗಣಿ, ಕಡಲೆಕಾಯಿ ಹಿಂಡಿ, ಸೂಪರ್ ಫಾಸ್ಫೇಟ್ ಹಾಕಿ ನೀರು ಹದ ಮಾಡುವುದು ಪ್ರಾಣಿಪ್ಲವಕ ಬೆಳೆಯಲಿ ಎಂದೇ. ಆದರೆ ಮರಿ ತೀರ ಎಳೆಯದಿದ್ದಾಗ ದೊಡ್ಡ ಸೈಕ್ಲಾಪ್ಸ್ ಹೆಚ್ಚಾದರೆ ಅವೇ ಮರಿಗಳನ್ನು ಕಚ್ಚಿ ಕೊಲ್ಲುತ್ತವೆ. ಬೆಳೆದ ಗೆಂಡೆಯ ಮೈಗೆ ನೆಟ್ಟುಕೊಂಡು ಹುಣ್ಣು ಮಾಡುವ ಲರ್ನಿಯಾ, ಅಂದರೆ ಲಂಗರು ಹುಳು, ಕೂಡ ಪರಾವಲಂಬಿಯಾದ ಕೋಪೆಪಾಡೇ.

ಮನುಷ್ಯರ ಪಾಲಿಗೂ ಸೈಕ್ಲಾಪ್ಸ್ ದೀರ್ಘಕಾಲ ಶತ್ರುವಾಗಿತ್ತು. ನಾರುಹುಣ್ಣಿನ ಹುಳುವಿನ ಮರಿ ಸೈಕ್ಲಾಪ್ಸಿನ ಹೊಟ್ಟೆ ಸೇರಿ, ಆ ನೀರು ಕುಡಿದವರ ಮೈಯೊಳಗೆ ಬೆಳೆದು, ಸುಮಾರು ಒಂದು ವರ್ಷದ ಮೇಲೆ ಕಾಲಿನ ಹುಣ್ಣಿನಿಂದ ದಾರದಂತೆ ಹೊರಬರುತ್ತಿತ್ತು. ಉರಿ ತಾಳದೆ ಕಾಲನ್ನು ಮೆಟ್ಟಿಲುಬಾವಿಯ ನೀರಿಗೆ ಇಳಿಬಿಟ್ಟರೆ ಮತ್ತೆ ಲಕ್ಷಾಂತರ ಮರಿ ನೀರು ಸೇರುತ್ತಿದ್ದವು. ಕರ್ನಾಟಕವೂ ಈ ರೋಗ ಬೇರೂರಿದ್ದ ರಾಜ್ಯಗಳಲ್ಲೊಂದು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಮೆಟ್ಟಿಲುಬಾವಿಗೆ ಇಳಿಯದಂತೆ ಮಾಡುವುದು, ಬಾವಿಗೆ ಟೆಮೆಫಾಸ್ ಹಾಕಿ ಸೈಕ್ಲಾಪ್ಸ್ ಕೊಲ್ಲುವುದು, ಕೈಪಂಪು ಕೊಡುವುದು: ಇಷ್ಟರಿಂದಲೇ, ಲಸಿಕೆಯಿಲ್ಲದೆ, ರೋಗ ದೇಶದಿಂದ ತೊಲಗಿತು. ಭಾರತದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಕಂಡಿತು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಬಟ್ಟೆಯ ಸೋಸುವಿಕೆ ತಡೆಯಬಲ್ಲಷ್ಟು ದೊಡ್ಡದು ಈ ಜೀವಿ ಎಂಬ ಒಂದೇ ಸಂಗತಿ ಎಷ್ಟೋ ಕಾಲುಗಳನ್ನು ಉಳಿಸಿತು. ಅಕ್ವೇರಿಯಂ ಸಾಕಣೆಯಲ್ಲೂ ಸೋಸುಬಟ್ಟೆಯೇ ಮುಖ್ಯ ಉಪಕರಣ.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಕೊಳವೆಗಳಲ್ಲಿ ಬಂದು ಕಂದವಾರ ಕೆರೆಯೂ ಸೇರಿದಂತೆ ಇಲ್ಲಿನ ಕೆರೆಗಳನ್ನು ತುಂಬುತ್ತಿದೆ. ಇದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಇದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ, ಪಾಚಿ ಹುಲುಸಾಗುತ್ತದೆ. ಇಂಥ ಕೆರೆಯ ಪ್ಲವಕವನ್ನು ಹಿಡಿದು ತಂದು ಮನೆಯ ಮೀನಿಗೆ ಹಾಕುವುದು ತರವಲ್ಲ. ಉಪ್ಪುನೀರಿನ ತೊಟ್ಟಿಗಂತೂ ಯಾವ ಕೆರೆಯ ಸೈಕ್ಲಾಪ್ಸೂ ಆಗದು. ಉಪ್ಪು ತಗುಲಿದ ಸ್ವಲ್ಪ ಹೊತ್ತಿಗೆ ಅದು ಸಾಯುತ್ತದೆ, ಮೀನು ತಿನ್ನದೆ ಬಿಟ್ಟದ್ದು ತಳದಲ್ಲಿ ಕೊಳೆಯುತ್ತದೆ.

ಕಡಲ ಮೀನಿಗೆ ಇದೇ ಏಕೆ

ಜೀವಂತ ಆಹಾರವಾಗಿ ಹೆಚ್ಚು ಬಳಕೆಯಲ್ಲಿರುವುದು ಆರ್ಟೀಮಿಯಾ ಮತ್ತು ರೋಟಿಫರ್. ಆರ್ಟೀಮಿಯಾದ ಒಣ ಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪುನೀರಿಗೆ ಹಾಕಿದರೆ ಒಂದೆರಡು ದಿನದಲ್ಲಿ ಮರಿ. ಆದರೆ ಆ ಮರಿಯ ಉದ್ದ 400ರಿಂದ 500 ಮೈಕ್ರಾನ್. ಅನೇಕ ಕಡಲ ಮೀನುಗಳ ಮರಿಯ ಬಾಯಿಗೆ ಅದು ಹಿಡಿಸದು. ರೋಟಿಫರ್ ಅದಕ್ಕಿಂತ ಸಣ್ಣದು, 100ರಿಂದ 300 ಮೈಕ್ರಾನ್. ಪಾರ್ವೊಕ್ಯಾಲನಸ್‌ನಂಥ ಕ್ಯಾಲನಾಯ್ಡಿನ ನಾಪ್ಲಿಯಸ್ ಇನ್ನೂ ಸಣ್ಣದು, ಕೆಲವು 50 ಮೈಕ್ರಾನಿನ ಆಸುಪಾಸು.

ಗಾತ್ರಕ್ಕಿಂತ ದೊಡ್ಡ ವಿಷಯ ಕೊಬ್ಬು. ಕಡಲ ಮೀನಿನ ಮಿದುಳು, ಕಣ್ಣು ಬೆಳೆಯಲು ಡಿಎಚ್‌ಎ, ಇಪಿಎ ಎಂಬ ಉದ್ದ ಸರಪಳಿಯ ಒಮೆಗಾ–3 ಆಮ್ಲಗಳು ಬೇಕು. ಅವನ್ನು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಬಹುತೇಕ ಕಡಲ ಮೀನುಗಳಿಗಿಲ್ಲ. ಆರ್ಟೀಮಿಯಾ ಮರಿಯಲ್ಲಿ ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ಕೋಪೆಪಾಡಿನಲ್ಲಿ ಅದು ಸಮೃದ್ಧ, ಜೊತೆಗೆ ಅಸ್ಟಾಕ್ಸಾಂಥಿನ್ ಎಂಬ ಕೇಸರಿ ಬಣ್ಣದ್ರವ್ಯವೂ ಇದೆ.

ಇಲ್ಲಿ ಶಿಡ್ಲಘಟ್ಟದ ಮಾತು ಬರುತ್ತದೆ. ಅಲ್ಲಿನ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ ಮೀನು, ಕೋಳಿಗಳಿಗೆ ಒಳ್ಳೆಯ ಮೇವು. ಒಣಗಿದ ಪ್ಯೂಪಾದಲ್ಲಿ ಸುಮಾರು ಅರ್ಧ ಭಾಗ ಪ್ರೋಟೀನು, ಕಾಲು ಭಾಗದಷ್ಟು ಕೊಬ್ಬು. ಆ ಕೊಬ್ಬಿನಲ್ಲಿ ಒಮೆಗಾ–3 ಇದೆ, ಆದರೆ ಅದು ಹಿಪ್ಪುನೇರಳೆ ಎಲೆಯಿಂದ ಬಂದ ಲಿನೊಲೆನಿಕ್ ಆಮ್ಲ, ಡಿಎಚ್‌ಎ ಅಲ್ಲ. ಗೆಂಡೆ ಜಾತಿಯ ಸಿಹಿನೀರಿನ ಮೀನು ಅದನ್ನು ತನಗೆ ಬೇಕಾದ ರೂಪಕ್ಕೆ ತಕ್ಕಮಟ್ಟಿಗೆ ಮಾರ್ಪಡಿಸಿಕೊಳ್ಳುತ್ತದೆ, ಕಡಲ ಮೀನಿಗೆ ಅದು ಆಗದು. ಹೀಗಾಗಿ ಕೆರೆಯ ಮೀನು ಕೊಬ್ಬಿಸುವ ಪ್ಯೂಪಾ ಕಡಲ ಮೀನಿನ ಮರಿಯನ್ನು ಉಳಿಸದು. ಗಮನಿಸಬೇಕಾದ ಇನ್ನೊಂದು ಸಂಗತಿ: ಟಿಸ್ಬೆಯಂಥ ಹಾರ್ಪಾಕ್ಟಿಕಾಯ್ಡ್‌ಗಳಿಗೆ ಸಣ್ಣ ಸರಪಳಿಯ ಆಮ್ಲವನ್ನು ಡಿಎಚ್‌ಎ ಆಗಿ ಕಟ್ಟಿಕೊಳ್ಳುವ ಶಕ್ತಿ ಇದೆ. ಸಾಧಾರಣ ಮೇವು ತಿಂದು ಉತ್ತಮ ಆಹಾರವಾಗುವ ಈ ಗುಣದಿಂದಲೇ ಟಿಸ್ಬೆ ಮನೆಯಲ್ಲಿ ಸಾಕುವವರಿಗೆ ಮೊದಲ ಆಯ್ಕೆಯಾಗಬೇಕು.

ನೀರು ಮತ್ತು ಉಪ್ಪು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು 86%. ಮಿಕ್ಕದ್ದು ಮೆಗ್ನೀಸಿಯಂ, ಸಲ್ಫೇಟು, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಹೆಸರು ಹೇಳಿದಷ್ಟೂ ಮುಗಿಯದ ಸೂಕ್ಷ್ಮ ಧಾತುಗಳು. ಅಂಗಡಿಯ ಕಲ್ಲುಪ್ಪು ಸಮುದ್ರದಿಂದಲೇ ಬಂದದ್ದಾದರೂ ಅದನ್ನು ಕರಗಿಸಿದರೆ ಸಮುದ್ರ ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ಸೋಡಿಯಂ ಕ್ಲೋರೈಡ್ ಹರಳುಗಟ್ಟಿದಾಗ ಮೆಗ್ನೀಸಿಯಂ ಬಹುಪಾಲು ಕಹಿನೀರಿನಲ್ಲೇ ಉಳಿದು ಹೋಗಿರುತ್ತದೆ. ಆದ್ದರಿಂದ ಅಕ್ವೇರಿಯಂಗೆಂದೇ ತಯಾರಿಸಿದ ಕೃತಕ ಸಮುದ್ರಲವಣ ಕೊಳ್ಳಬೇಕು. ಇದರಲ್ಲಿ ಮಾತ್ರ ಉಳಿತಾಯ ನೋಡಬಾರದು.

ಇನ್ನು ನೀರು. ಈ ಜಿಲ್ಲೆಯಲ್ಲಿ ಕೊಳವೆಬಾವಿ 1,000 ಅಡಿ ದಾಟುವುದು ಮಾಮೂಲಿ. ಆಳದ ಬಂಡೆಯಿಂದ ಬರುವ ನೀರು ಗಡಸು, ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಫ್ಲೋರೈಡ್ ನೀರಿನಲ್ಲಿ ಕಡಲ ಜೀವಿ ಬದುಕೀತೇ ಎಂದು ಅನುಮಾನ ಬರುವುದು ಸಹಜ. ನಿಜವಾಗಿ ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇದೆ; ಮಕ್ಕಳ ಹಲ್ಲು ಕೆಡಿಸುವ ಮಟ್ಟದ ಫ್ಲೋರೈಡ್ ಕೋಪೆಪಾಡಿಗೆ ದೊಡ್ಡ ಬಾಧೆಯಲ್ಲ. ತೊಂದರೆ ಬರುವುದು ನೈಟ್ರೇಟು, ಸಿಲಿಕಾ ಮತ್ತು ಲೆಕ್ಕ ತಪ್ಪಿದ ಗಡಸುತನದಿಂದ. ಲವಣ ತಯಾರಿಸುವವರು ಶುದ್ಧ ನೀರಿನ ಲೆಕ್ಕದಲ್ಲಿ ಪ್ರಮಾಣ ಹೊಂದಿಸಿರುತ್ತಾರೆ. ಅದಕ್ಕೆ ಬೋರ್‌ವೆಲ್ಲಿನ ಸುಣ್ಣ ಸೇರಿದರೆ ಕ್ಯಾಲ್ಸಿಯಂ ಅತಿಯಾಗಿ ಬಿಳಿ ಗಷ್ಟು ಕೂರುತ್ತದೆ. ನೈಟ್ರೇಟು, ಸಿಲಿಕಾ ಹೆಚ್ಚಿದರೆ ತೊಟ್ಟಿಯ ಗಾಜಿಗೆ ಕಂದು ಪಾಚಿ ಮೆತ್ತುತ್ತದೆ.

ಹಳ್ಳಿಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಗಳು ಆರ್‌ಒ ವಿಧಾನದವೇ. ಅಲ್ಲಿಂದ 20 ಲೀಟರಿನ ಕ್ಯಾನ್ ತಂದರೆ ಅರ್ಧ ಕೆಲಸ ಮುಗಿಯಿತು. ಟಿಡಿಎಸ್ ಮೀಟರು ಹಾಕಿ ನೋಡಿ, ಹೆಚ್ಚಿದ್ದರೆ ಡಿಅಯಾನೈಸಿಂಗ್ ರಾಳದ ಮೂಲಕ ಮತ್ತೊಮ್ಮೆ ಹಾಯಿಸಬೇಕು. 20 ಲೀಟರಿಗೆ ಸುಮಾರು 700 ಗ್ರಾಂ ಲವಣ. ಗಾಳಿಗುಳ್ಳೆ ಹಾಯಿಸಿ ಒಂದು ದಿನ ಬಿಟ್ಟು, ಸಾಪೇಕ್ಷ ಸಾಂದ್ರತೆ 1.023ರಿಂದ 1.026ರ ನಡುವೆ ಇದೆಯೇ ಎಂದು ಅಳೆದು ಬಳಸುವುದು. ಬಯಲುಸೀಮೆಯ ಒಣ ಗಾಳಿಯಲ್ಲಿ ತೆರೆದ ಪಾತ್ರೆಯ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ. ಮಾರ್ಚಿನಿಂದ ಮೇವರೆಗೆ ದಿನವೂ ಸಿಹಿ ಆರ್‌ಒ ನೀರು ಕೂಡಿಸಿ ಮಟ್ಟ ಕಾಯದಿದ್ದರೆ ಉಪ್ಪಿನಂಶ ತಾನಾಗಿ ಏರುತ್ತದೆ.

ಮೊದಲು ಮೇವು

ಹಿಪ್ಪುನೇರಳೆ ತೋಟವಿಲ್ಲದೆ ಚಾಕಿ ಹುಳು, ಅಂದರೆ ರೇಷ್ಮೆಯ ಎಳೆ ಹುಳು, ತರುವವರಿಲ್ಲ. ಕೋಪೆಪಾಡಿಗೆ ಪಾಚಿಯೇ ಆ ತೋಟ. ಕೋಪೆಪಾಡ್ ತರುವ ಮುನ್ನ ಕನಿಷ್ಠ ಎರಡು ವಾರದಿಂದ ಪಾಚಿಯ ಹಸಿರು ಬಾಟಲಿ ನಡೆಯುತ್ತಿರಬೇಕು. ಬಳಕೆಯ ಪಾಚಿಗಳು ಐಸೊಕ್ರೈಸಿಸ್, ಟೆಟ್ರಾಸೆಲ್ಮಿಸ್, ನ್ಯಾನೊಕ್ಲೊರೊಪ್ಸಿಸ್, ರೊಡೊಮೊನಾಸ್. ನ್ಯಾನೊಕ್ಲೊರೊಪ್ಸಿಸ್ ಬೆಳೆಸುವುದು ಎಲ್ಲಕ್ಕಿಂತ ಸುಲಭ, ಅದರಲ್ಲಿ ಇಪಿಎ ಹೇರಳ. ಡಿಎಚ್‌ಎ ಇಲ್ಲ, ಕ್ಯಾಲನಾಯ್ಡ್‌ಗಳು ಅದೊಂದನ್ನೇ ತಿಂದು ಏಳಿಗೆಯಾಗವು. ಹೊಂಬಣ್ಣದ ಐಸೊಕ್ರೈಸಿಸ್‌ನಲ್ಲಿ ಡಿಎಚ್‌ಎ ಇದೆ, ಆದರೆ ಅದಕ್ಕೆ ಬಿಸಿಲಿನ ಕಾವು ಸೇರದು. ಎರಡನ್ನೂ ಬೆರೆಸಿ ಕೊಡುವುದು ಒಳ್ಳೆಯದು.

ಪಾಚಿಗೆ ಗೊಬ್ಬರ ಎಫ್/2 ಎಂಬ ದ್ರಾವಣ. ಗಿಲ್ಲಾರ್ಡ್ ಮತ್ತು ರೈಥರ್ 1962ರಲ್ಲಿ ರೂಪಿಸಿದ ದ್ರಾವಣದ ಅರ್ಧ ಬಲದ್ದು ಇದು. ನೈಟ್ರೇಟು, ಫಾಸ್ಫೇಟು, ಸೂಕ್ಷ್ಮ ಲೋಹಗಳು, ಬಿ–12, ಥಯಾಮಿನ್, ಬಯೋಟಿನ್ ಇದರಲ್ಲಿವೆ. ತೋಟಕ್ಕೆ ತಂದ ಯೂರಿಯಾ ಹಾಕಿ ಸುಧಾರಿಸೋಣ ಎನಿಸಬಹುದು. ಸಣ್ಣ ಪಾತ್ರೆಯಲ್ಲಿ ಅದರಿಂದ ಏಳುವ ಅಮೋನಿಯಾ ಮುಂದೆ ಕೋಪೆಪಾಡಿನ ಬಕೆಟ್ಟಿಗೂ ಹೋಗುತ್ತದೆ. ಬೆಳಕಿಗೆ ಸಾಮಾನ್ಯ ಎಲ್‌ಇಡಿ ಟ್ಯೂಬು ಸಾಕು. ಕಿಟಕಿಯ ನೇರ ಬಿಸಿಲು ಬಾಟಲಿಯನ್ನು ಕಾಯಿಸಿ ಪಾಚಿಯನ್ನು ಕೊಲ್ಲುತ್ತದೆ. ಒಂದು ವಾರದಿಂದ ಹತ್ತು ದಿನದಲ್ಲಿ ನೀರು ದಟ್ಟ ಹಸಿರಾದಾಗ ಮುಕ್ಕಾಲು ಭಾಗ ಮೇವಿಗೆ ತೆಗೆದು, ಉಳಿದ ಕಾಲು ಭಾಗಕ್ಕೆ ಹೊಸ ಉಪ್ಪುನೀರು, ಗೊಬ್ಬರ ಕೂಡಿಸಿದರೆ ಸರದಿ ಮುಂದುವರಿಯುತ್ತದೆ.

ಹಾರ್ಪಾಕ್ಟಿಕಾಯ್ಡ್‌ಗಳಿಗೆ ಪಾಚಿ ಇಲ್ಲದ ದಿನ ಸ್ಪಿರುಲಿನಾ ಪುಡಿ ಅಥವಾ ಬೇಕರಿಯ ಯೀಸ್ಟನ್ನು ನೀರಿನಲ್ಲಿ ಕದಡಿ ಹನಿಹನಿಯಾಗಿ ಕೊಡಬಹುದು. ಹೆಚ್ಚಾದರೆ ನೀರು ಹುಳಿತು ನಾರುತ್ತದೆ. ಪ್ಯೂಪಾ ಪುಡಿಯ ಕೊಬ್ಬು ನೀರಿನ ಮೇಲೆ ಪೊರೆ ಕಟ್ಟುವುದರಿಂದ ಇಷ್ಟು ಸಣ್ಣ ಪಾತ್ರೆಗೆ ಅದು ಹೊಂದದು.

ಸಾಕುವ ಬಗೆ

ಮನೆಗೆ 10ರಿಂದ 20 ಲೀಟರಿನ ಆಹಾರದರ್ಜೆಯ ಪ್ಲಾಸ್ಟಿಕ್ ಬಕೆಟ್ಟು ಸಾಕು. ಒಂದಲ್ಲ, ಎರಡು, ಬೇರೆಬೇರೆ ಕೋಣೆಯಲ್ಲಿ. ಒಂದು ಕೆಟ್ಟರೆ ಬೀಜಕ್ಕೆ ಇನ್ನೊಂದು ಇರುತ್ತದೆ. ಗಾಳಿಯ ಕೊಳವೆಗೆ ಕಲ್ಲು ಸಿಕ್ಕಿಸಬಾರದು: ಕಲ್ಲಿನಿಂದ ಹೊರಡುವ ನುಣ್ಣನೆಯ ಗುಳ್ಳೆ ಮರಿಗಳ ಮೈಗೆ ಸಿಕ್ಕಿ ಅವನ್ನು ಮೇಲಕ್ಕೆ ತೇಲಿಸಿ ಸಾಯಿಸುತ್ತದೆ. ಬರಿಯ ಕೊಳವೆಯ ತುದಿಯಿಂದ ಸೆಕೆಂಡಿಗೆ ಒಂದೆರಡು ದೊಡ್ಡ ಗುಳ್ಳೆ ಏಳುತ್ತಿದ್ದರೆ ಆಯಿತು. ಹೊತ್ತುಗೊತ್ತಿಲ್ಲದ ವಿದ್ಯುತ್ ಕಡಿತ ಇರುವ ಊರಿನಲ್ಲಿ ಬ್ಯಾಟರಿಯ ಪಂಪು ಇಟ್ಟುಕೊಳ್ಳುವುದು ಜಾಣತನ. ಹಾರ್ಪಾಕ್ಟಿಕಾಯ್ಡ್‌ಗಳು ಕೆಲವು ಗಂಟೆ ತಡೆಯುತ್ತವೆ, ದಟ್ಟವಾಗಿ ಬೆಳೆದ ಪಾಚಿ ಬಾಟಲಿ ತಡೆಯದೆ ತಳ ಹಿಡಿಯುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಚಿಕ್ಕಬಳ್ಳಾಪುರದ ಹವೆ ವರ್ಷದ ಬಹುಭಾಗ ಈ ಸಾಕಣೆಗೆ ಅನುಕೂಲ. ಬೇಕಾದದ್ದು 24ರಿಂದ 28 ಡಿಗ್ರಿ ಸೆಲ್ಸಿಯಸ್. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ತಾಪ 15 ಡಿಗ್ರಿಯ ಸುತ್ತ ಇಳಿದಾಗ ಟಿಸ್ಬೆಯ ಸಂತಾನ ನಿಧಾನವಾಗುತ್ತದೆ, ಸಾಯುವುದಿಲ್ಲ. ನೆಲದ ತಣುಪು ತಾಗದಂತೆ ಬಕೆಟ್ಟನ್ನು ಹಲಗೆಯ ಮೇಲಿಟ್ಟರೆ ಸಾಕು. ಗೌರಿಬಿದನೂರು, ಚಿಂತಾಮಣಿಗಳ ಏಪ್ರಿಲ್ ಮಧ್ಯಾಹ್ನ ಹೆಚ್ಚು ಅಪಾಯದ್ದು. ತಗಡಿನ ಸೂರಿನ ಕೆಳಗೆ, ಮಹಡಿಯ ಮೇಲಿನ ಕೋಣೆಯಲ್ಲಿ ಬಕೆಟ್ಟು ಇಡಲೇಬಾರದು.

ಟಿಗ್ರಿಯೋಪಸ್ ಕುಲದ ಮೂಲ ನೆಲೆ ಕಡಲಂಚಿನ ಬಂಡೆಗಳ ಮೇಲಿನ ಸಣ್ಣ ಹೊಂಡ. ಬಿಸಿಲಿಗೆ ಆ ಹೊಂಡದ ಉಪ್ಪು ಇಮ್ಮಡಿಯಾಗುತ್ತದೆ, ಮಳೆಗೆ ಅರ್ಧಕ್ಕಿಳಿಯುತ್ತದೆ. ಅಲ್ಲಿ ಪಳಗಿದ ಈ ಜೀವಿ ಹೊಸಬರ ಕೈತಪ್ಪುಗಳನ್ನು ಸಹಿಸುತ್ತದೆ. ಗಾತ್ರ ಒಂದು ಮಿಲಿಮೀಟರಿಗೆ ತುಸು ಹೆಚ್ಚು, ಬಣ್ಣ ಕೇಸರಿ ಕೆಂಪು, ಬರಿಗಣ್ಣಿಗೆ ಸ್ಪಷ್ಟ. ಲೆನ್ಸಿನಲ್ಲಿ ನೋಡಿದರೆ ಹೆಣ್ಣಿನ ಬಾಲದಡಿ ಮೊಟ್ಟೆಯ ಚೀಲ ಕಾಣುತ್ತದೆ. ಇನ್ನೂ ಪ್ರೌಢವಾಗದ ಹೆಣ್ಣನ್ನು ಗಂಡು ಮೀಸೆಯಿಂದ ಬಿಗಿಹಿಡಿದು ದಿನಗಟ್ಟಲೆ ಹೊತ್ತು ತಿರುಗುವುದೂ ಕಾಣುತ್ತದೆ. ಹೆಣ್ಣು ಕೂಡುವುದು ಒಂದೇ ಸಲ. ಅದರಿಂದಲೇ ಒಂದಾದಮೇಲೊಂದರಂತೆ ಹಲವು ಚೀಲ ಮೊಟ್ಟೆ ಕಟ್ಟುತ್ತದೆ. ಟಿಸ್ಬೆ ಇದಕ್ಕಿಂತ ಸಣ್ಣದು, ಮಾಸಲು ಬಿಳಿ, ಬೇಗ ಹೆಚ್ಚುತ್ತದೆ, ಕಲ್ಲಿನ ಸಂದುಗಳಲ್ಲಿ ಅಡಗಿ ತೊಟ್ಟಿಯಲ್ಲೇ ನೆಲೆಯೂರುತ್ತದೆ. ನನ್ನನ್ನು ಕೇಳಿದರೆ ಆರಂಭ ಈ ಎರಡರಿಂದ ಆಗಬೇಕು. ಅಕಾರ್ಷಿಯಾದಂಥ ಕ್ಯಾಲನಾಯ್ಡ್ ಒಂದು ಮಿಲಿಲೀಟರಿನಲ್ಲಿ ಒಂದೆರಡು ಪ್ರೌಢಗಳಿಗಿಂತ ಹೆಚ್ಚಿನ ಜನಸಂದಣಿ ತಾಳದು. ಪಾಚಿ ಎರಡು ದಿನ ತಪ್ಪಿದರೆ ತನ್ನ ಮರಿಗಳನ್ನೇ ತಿನ್ನುತ್ತದೆ. ಮೀನಿನ ಮರಿ ಮಾಡಿಸುವ ಗಟ್ಟಿ ಮನಸ್ಸಿದ್ದವರು ಮಾತ್ರ ಅದಕ್ಕೆ ಕೈಹಾಕಲಿ.

ಮೇವಿನ ಅಳತೆ ಕಣ್ಣಿನದು. ಬಕೆಟ್ಟಿನ ನೀರು ತೆಳು ಹಸಿರಿಗೆ ಬರುವಷ್ಟು ಪಾಚಿ ಸುರಿದು, ಒಂದು ಲೋಟ ತೆಗೆದು ಅದರ ಹಿಂದೆ ದಿನಪತ್ರಿಕೆ ಹಿಡಿದರೆ ಅಕ್ಷರ ಮಸುಕಾಗಿ ಓದಲು ಬರಬೇಕು. ಒಂದೆರಡು ದಿನದಲ್ಲಿ ನೀರು ತಿಳಿಯಾದರೆ ಜೀವಿಗಳು ಉಣ್ಣುತ್ತಿವೆ ಎಂದರ್ಥ, ಮತ್ತೆ ಕೊಡಬೇಕು. ಮೂರು ದಿನವಾದರೂ ಹಸಿರು ಇಳಿಯದಿದ್ದರೆ ಮೇವು ನಿಲ್ಲಿಸಿ ಕಾರಣ ಹುಡುಕಬೇಕು. ವಾರಕ್ಕೊಮ್ಮೆ ತಳದ ಕಸವನ್ನು ಸಣ್ಣ ಕೊಳವೆಯಿಂದ ಹೀರಿ, ತೆಗೆದಷ್ಟು ಹೊಸ ಉಪ್ಪುನೀರು ಕೂಡಿಸುವುದು. ಹುಳು ಮನೆಯಲ್ಲಿ ಹಾಸಿಗೆ ಬದಲಿಸುವ ಕೆಲಸವೇ ಇದು.

ಕೊಯ್ಲಿಗೆ ಎರಡು ಜರಡಿ ಬೇಕು. ಪಿವಿಸಿ ಪೈಪಿನ ತುಂಡಿಗೆ ನೈಲಾನ್ ಜಾಲಿಬಟ್ಟೆ ಅಂಟಿಸಿದರೆ ಜರಡಿ ಸಿದ್ಧ: ಪ್ರೌಢಗಳನ್ನು ಹಿಡಿಯಲು 100ರಿಂದ 200 ಮೈಕ್ರಾನಿನದು, ಅದರಡಿ ನಾಪ್ಲಿಯಸ್ ಹಿಡಿಯಲು 50 ಮೈಕ್ರಾನಿನ ಆಸುಪಾಸಿನದು. ನೈಲಾನ್ ಬರುವ ಮುಂಚೆ ಪ್ಲವಕ ಹಿಡಿಯುವ ಬಲೆಗಳೆಲ್ಲ ರೇಷ್ಮೆಯವು. ಅಲಿಸ್ಟರ್ ಹಾರ್ಡಿ ರೂಪಿಸಿದ, 1931ರಿಂದ ಸರಕು ಹಡಗುಗಳ ಹಿಂದೆ ಎಳೆಸುತ್ತ ಬಂದಿರುವ ಪ್ಲವಕ ದಾಖಲೆ ಯಂತ್ರ ಇವತ್ತಿಗೂ 270 ಮೈಕ್ರಾನಿನ ರೇಷ್ಮೆ ಬಟ್ಟೆಯನ್ನೇ ಬಳಸುತ್ತದೆ. ಒಂದು ಸಲಕ್ಕೆ ಬಕೆಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು ಕೊಯ್ಯಬಾರದು.

ಕೆಡುವ ಬಗೆ

ಕೋಪೆಪಾಡೂ ರೇಷ್ಮೆ ಹುಳುವೂ ಸಂಧಿಪದಿಗಳೇ. ಒಂದನ್ನು ಕೊಲ್ಲುವ ಕೀಟನಾಶಕ ಇನ್ನೊಂದನ್ನೂ ಕೊಲ್ಲುತ್ತದೆ. ಪಕ್ಕದ ಹೊಲದ ಟೊಮೇಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತು ಹುಳು ಸತ್ತ ಕಥೆ ಶಿಡ್ಲಘಟ್ಟದ ರೈತರಿಗೆ ಹೊಸದಲ್ಲ. ಮನೆಯೊಳಗಿನ ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣಗಳ ಪೈರಿಥ್ರಾಯ್ಡ್ ಕೂಡ ಅದೇ ಕೆಲಸ ಮಾಡುತ್ತದೆ. ಗಾಳಿ ಪಂಪು ಕೋಣೆಯ ಗಾಳಿಯನ್ನೇ ನೀರಿಗೆ ತುಂಬುವುದರಿಂದ ಬಕೆಟ್ಟಿರುವ ಕೋಣೆಯಲ್ಲಿ ಇವನ್ನು ಹಚ್ಚಲೇಬಾರದು.

ಇನ್ನೊಂದು ವಿಷ ತಾಮ್ರ. ಚಿಕ್ಕಬಳ್ಳಾಪುರ ಸುತ್ತಿನ ದ್ರಾಕ್ಷಿ ತೋಟಗಳಲ್ಲಿ ಬೂಜುರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟು. ಅದನ್ನು ಕಲಸಿದ ಬಕೆಟ್ಟು ಎಷ್ಟು ತೊಳೆದರೂ ಈ ಕೆಲಸಕ್ಕೆ ಬರದು. ತೋಟದಿಂದ ಬಂದವರು ಮೊಣಕೈವರೆಗೆ ಸೋಪಿನಿಂದ ತೊಳೆದು, ಚೆನ್ನಾಗಿ ಜಾಲಿಸಿ, ಆಮೇಲೆ ನೀರಿಗೆ ಕೈಹಾಕಬೇಕು. ತಾಮ್ರದ ಹಂಡೆ, ಚೊಂಬು, ಹಿತ್ತಾಳೆಯ ನಲ್ಲಿ ಕೂಡ ದೂರವಿರಲಿ. ಮೀನಿನ ರೋಗಕ್ಕೆ ಅಂಗಡಿಯಲ್ಲಿ ಕೊಡುವ ಔಷಧಿಗಳಲ್ಲೂ ತಾಮ್ರ ಇರುತ್ತದೆ. ಅದು ಹಾಕಿದ ತೊಟ್ಟಿಗೆ ಕೋಪೆಪಾಡ್ ಬಿಟ್ಟು ಫಲವಿಲ್ಲ.

ಇವೆರಡನ್ನು ಬಿಟ್ಟರೆ ಉಳಿಯುವುದು ಕಲಬೆರಕೆ. ರೋಟಿಫರ್ ಅಥವಾ ಲೋಮಾಂಗಿಗಳು ಹೇಗೋ ಒಳಸೇರಿದರೆ ಕೋಪೆಪಾಡಿಗಿಂತ ವೇಗವಾಗಿ ಹೆಚ್ಚಿ ಮೇವೆಲ್ಲ ತಿಂದುಬಿಡುತ್ತವೆ. ಪ್ರೌಢ ಕೋಪೆಪಾಡ್‌ಗಳನ್ನು ದೊಡ್ಡ ಕಣ್ಣಿನ ಜರಡಿಯಲ್ಲಿ ಹಿಡಿದು, ಶುದ್ಧ ಉಪ್ಪುನೀರಿನಲ್ಲಿ ನಾಲ್ಕಾರು ಸಲ ಜಾಲಿಸಿ, ಹೊಸ ಪಾತ್ರೆಯಲ್ಲಿ ಬೀಜ ಹಾಕುವುದು ಇದಕ್ಕೆ ಪರಿಹಾರ. ಹಳೆಯ ಪಾತ್ರೆಗೆ ಬ್ಲೀಚಿಂಗ್. ಹುಳು ಮನೆಗೆ 2% ಬ್ಲೀಚಿಂಗ್ ಪುಡಿಯನ್ನು 0.3% ಸುಣ್ಣದ ತಿಳಿಯಲ್ಲಿ ಬೆರೆಸಿ ಸಿಂಪಡಿಸುವ ರೂಢಿ ಇಲ್ಲಿದೆ. ಬಕೆಟ್ಟು, ಜರಡಿ, ಕೊಳವೆಗಳಿಗೂ ಕ್ಲೋರಿನ್ನೇ ಮದ್ದು. ಬಳಿಕ ಸೋಡಿಯಂ ಥಯೊಸಲ್ಫೇಟಿನಿಂದ ಕ್ಲೋರಿನ್ ಮುರಿದು, ತೊಳೆದು, ಬಿಸಿಲಿಗೆ ಒಣಗಿಸಬೇಕು. ಪಾಚಿ ಬಾಟಲಿ, ಕೋಪೆಪಾಡ್ ಬಕೆಟ್ಟು, ಮೀನಿನ ತೊಟ್ಟಿ ಎಂಬ ಕ್ರಮದಲ್ಲೇ ಕೈ ಹೋಗಬೇಕು, ಹಿಂದಕ್ಕೆ ಬರಬಾರದು.

ತೊಟ್ಟಿಗೆ ಬಿಡುವುದು

ರಾತ್ರಿ ದೀಪ ಆರಿದ ಮೇಲೆ, ನೀರೆತ್ತುವ ಪಂಪನ್ನು ಅರ್ಧ ಗಂಟೆ ನಿಲ್ಲಿಸಿ, ಕಲ್ಲುಗಳ ಸಂದಿಗೆ ಹನಿಸಿದರೆ ಹಾರ್ಪಾಕ್ಟಿಕಾಯ್ಡ್‌ಗಳು ಅಡಗಲು ಸಮಯ ಸಿಗುತ್ತದೆ. ಮ್ಯಾಂಡರಿನ್ ಎಂಬ ಬಣ್ಣಬಣ್ಣದ ಮೀನು ಹಗಲೆಲ್ಲ ಕಲ್ಲು ಕುಕ್ಕುತ್ತ ಕೋಪೆಪಾಡ್ ಆಯುತ್ತಿರುತ್ತದೆ; ಹೊಸ ತೊಟ್ಟಿಯಲ್ಲಿ ಹೊಟ್ಟೆ ಬೆನ್ನಿಗೆ ಹತ್ತಿ ಸಾಯುತ್ತದೆ. ತೊಟ್ಟಿ ಹಲವು ತಿಂಗಳು ಹಳೆಯದಾಗಿ, ಕೋಪೆಪಾಡ್ ತಾನೇ ಹೆಚ್ಚುತ್ತಿದೆ ಎಂದು ರಾತ್ರಿ ಟಾರ್ಚಿನಲ್ಲಿ ಕಂಡಮೇಲೆ ಮಾತ್ರ ಆ ಮೀನನ್ನು ತರಬೇಕು. ಇದನ್ನು ತಿಳಿದೂ ಹೊಸ ತೊಟ್ಟಿಗೆ ಮ್ಯಾಂಡರಿನ್ ಮಾರುವುದು ಅನ್ಯಾಯ.

ಸಂಶೋಧನೆ

ಭಾರತದ ಸಮುದ್ರಗಳ ಕೋಪೆಪಾಡ್ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸೆಮೂರ್ ಸೀವೆಲ್ ಮುಖ್ಯರು. 1959ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನಾ ಯಾನದ ಪ್ಲವಕ ಮಾದರಿಗಳನ್ನು ಕೊಚ್ಚಿಯಲ್ಲಿ ವಿಂಗಡಿಸಿದಾಗ ಕೋಪೆಪಾಡ್‌ಗಳೇ ಎಣಿಕೆಯಲ್ಲಿ ಮುಂದಿದ್ದವು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಞ್ಞಂ ಕೇಂದ್ರ ಟೆಮೋರಾ, ಸ್ಯೂಡೋಡಯಾಪ್ಟೋಮಸ್ ಮುಂತಾದವನ್ನು ಸಾಕಿ, ಕಡಲ ಅಲಂಕಾರಿಕ ಮೀನುಗಳ ಮರಿ ಮಾಡಿಸುವುದಕ್ಕೆ ಬಳಸಿದೆ. ಇದೇ ಸಂಸ್ಥೆಯ ಕೇಂದ್ರಗಳು ಕಾರವಾರ, ಮಂಗಳೂರುಗಳಲ್ಲಿವೆ. 1969ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ಮಂಗಳೂರಿನಲ್ಲೇ ಇದೆ. ಹೊರಗೆ, ಹವಾಯಿಯ ಓಶಿಯಾನಿಕ್ ಇನ್‌ಸ್ಟಿಟ್ಯೂಟ್ 2015ರಲ್ಲಿ ಹಳದಿ ಟ್ಯಾಂಗ್ ಮೀನನ್ನು ಮೊದಲ ಬಾರಿಗೆ ಮೊಟ್ಟೆಯಿಂದ ಬೆಳೆಸಿತು. ಮರಿಗಳ ಮೊದಲ ಊಟ ಕ್ಯಾಲನಾಯ್ಡ್ ನಾಪ್ಲಿಯಸ್. ಹವಳದ ದಿಬ್ಬಗಳಿಂದ ಮೀನು ಹಿಡಿದು ತರುವುದು ಕಡಿಮೆಯಾಗಬೇಕಾದರೆ ಮೀನಿನ ಮರಿ ತೊಟ್ಟಿಯಲ್ಲೇ ಬದುಕಬೇಕು. ಅದಕ್ಕೆ ಕೋಪೆಪಾಡ್ ಬೇಕು.

ಕಾನೂನು ಮತ್ತು ವಿಲೇವಾರಿ

ಕಲ್ಲುಹವಳ ಮತ್ತು ಸಮುದ್ರಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಕೋಪೆಪಾಡ್ ತಿಂದು ಬದುಕುವ ಜೀವಿಗಳಲ್ಲಿ ಸಮುದ್ರಕುದುರೆ ಹೆಸರಾದದ್ದು. ಅದನ್ನು ನಮ್ಮ ಕಡಲಿನಿಂದ ಹಿಡಿಯುವುದೂ ಮಾರುವುದೂ ಅಪರಾಧ. ಕೋಪೆಪಾಡಿನ ಬೀಜವನ್ನು ಹೊರದೇಶದಿಂದ ತರಿಸಲು ಕೇಂದ್ರ ಸರ್ಕಾರದ ಅನುಮತಿ ಬೇಕು. ದೇಶದೊಳಗೇ ಬೆಳೆದ ಬೀಜ ಕೊಳ್ಳುವುದು ಸರಿಯಾದ ದಾರಿ.

200 ಲೀಟರ್ ತೊಟ್ಟಿಯಲ್ಲಿ ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೆ 20 ಲೀಟರ್ ಉಪ್ಪುನೀರು ಹೊರಬೀಳುತ್ತದೆ, ಎಂದರೆ 700 ಗ್ರಾಂ ಲವಣ. ವರ್ಷಕ್ಕೆ 36 ಕಿಲೋ. ಅದನ್ನು ಹಿತ್ತಲಿಗೆ ಚೆಲ್ಲಿದರೆ ಹಿಪ್ಪುನೇರಳೆಯ ಬೇರಿಗೂ, ಬಿರುಕು ಬಂಡೆಯ ಮೂಲಕ ಕೊಳವೆಬಾವಿಗೂ ಹೋಗುತ್ತದೆ. ಕೆರೆಗೆ ಸುರಿಯುವುದು ಇನ್ನೂ ಕೆಟ್ಟದ್ದು: ಅಪೊಸೈಕ್ಲಾಪ್ಸ್ ಉಪ್ಪಿನಂಶ ತೀರ ಕಡಿಮೆಯಿರುವ ನೀರಿನಲ್ಲೂ ಬದುಕಬಲ್ಲದು, ಹೊರಗಿನ ಜೀವಿಯೊಂದು ಕೆರೆ ಸೇರಿದರೆ ಮತ್ತೆ ತೆಗೆಯಲು ಬರುವುದಿಲ್ಲ. ಬಳಸಿದ ನೀರಿಗೆ ಬ್ಲೀಚಿಂಗ್ ಹಾಕಿ ಒಂದು ದಿನ ಬಿಟ್ಟು, ಅಗಲವಾದ ಪ್ಲಾಸ್ಟಿಕ್ ತಟ್ಟೆಗಳಲ್ಲಿ ಮಹಡಿಯ ಬಿಸಿಲಿಗೆ ಆರಿಸಿ, ಉಳಿದ ಉಪ್ಪನ್ನು ಗುಡಿಸಿ ಕಸದ ಗಾಡಿಗೆ ಕೊಡುವುದು ಈ ಸೀಮೆಗೆ ಹೊಂದುವ ಕ್ರಮ. ಆರ್‌ಒ ಯಂತ್ರ ಮನೆಯಲ್ಲೇ ಇದ್ದರೆ ಅದು ಹೊರಹಾಕುವ ಗಡಸು ನೀರನ್ನು ಪಾತ್ರೆ ಮತ್ತು ನೆಲ ತೊಳೆಯಲು ಬಳಸಬಹುದು.